ಆ ಎಂಜಿನ್ನನ್ನು ಗೇಟಿನ ಮುಂದೆ ನಿಲ್ಲಿಸಬೇಡಿ

ಹುಬ್ಬಳ್ಳಿಯಲ್ಲಿ ಹಳೆಯ ವಿಮಾನ ಎಂಜಿನ್ನನ್ನು ಕಾಪಾಡಿಕೊಂಡು ಬಂದಿರುವ ಕಾಲೇಜಿನ ಆಡಳಿತ ಮಂಡಳಿಯವರಿಗೆ, ಮತ್ತು ಅವಳಿ ನಗರದ ಎಲ್ಲರಿಗೆ,

ನಮಸ್ಕಾರ.

ನಿಮ್ಮ ಮ್ಯೂಸಿಯಂ ಕೋಣೆಯಲ್ಲಿರುವ ಎರಡನೇ ಮಹಾಯುದ್ಧದ ಕಾಲದ ಎಂಜಿನ್ನನ್ನು ಹೊರಗೆ ತರಬೇಕೆಂದು ತೀರ್ಮಾನವಾಗಿದೆ ಎಂದು ಕೇಳಿದೆ. ಗೇಟಿನ ಮುಂದೆ ಕಟ್ಟೆ ಕಟ್ಟಿಸುತ್ತೀರಂತೆ. ಎಂಜಿನ್ನಿಗೆ ಬೆಳ್ಳಿ ಬಣ್ಣ, ಸುತ್ತ ಹುಲ್ಲುಹಾಸು, ರಾತ್ರಿ ಬಣ್ಣದ ಲೈಟು, ಪಕ್ಕದಲ್ಲಿ ಒಂದು ಕಾರಂಜಿ. ಮಳೆಗಾಲದ ಮೊದಲೇ ಎಲ್ಲ ಮುಗಿಯಬೇಕಂತೆ. ದಯವಿಟ್ಟು ಈ ಕೆಲಸ ನಿಲ್ಲಿಸಿ. ಇದನ್ನು ಕೇಳುವುದಕ್ಕೇ ಈ ಪತ್ರ.

ಕಾಲೇಜಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಯಾರನ್ನೂ ದೂರುವ ಉದ್ದೇಶ ನನಗಿಲ್ಲ. ಇಷ್ಟು ವರ್ಷ ಅದನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದೀರಿ. ಅದಕ್ಕೆ ಊರು ನಿಮಗೆ ಋಣಿ. ಆದರೆ ಕಚೇರಿಗೆ ಬಂದು ಮಾತಾಡಿದಾಗ ಒಬ್ಬರು ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. "ಒಳಗ ಇಟ್ರ ಯಾರ್ ನೋಡ್ತಾರ್ರೀ ಸರ? ಹೊರಗಿದ್ರ ಊರ ಮಂದಿಯೆಲ್ಲ ನೋಡ್ತಾರ." ಈ ಮಾತಿನಲ್ಲಿ ನ್ಯಾಯವಿದೆ. ಬೀಗ ಹಾಕಿದ ಕೋಣೆಯಲ್ಲಿ ಇಂಥ ವಸ್ತು ಇದ್ದೂ ಇಲ್ಲದ ಹಾಗೆ. ಜನ ನೋಡಬೇಕು, ನಿಜ. ಹಾಗಿದ್ದರೆ ಬಾಗಿಲು ತೆಗೆಯೋಣ. ಎಂಜಿನ್ನನ್ನು ಯಾಕೆ ಹೊರಗೆ ತರಬೇಕು?

ನಾನು ಐಟಿಐನಲ್ಲಿ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ಅನುಮತಿ ಪಡೆದು ಹುಡುಗರನ್ನು ಆ ಕೋಣೆಗೆ ಕರೆತರುತ್ತಿದ್ದೆ. ನವಲಗುಂದ, ಶಿಗ್ಗಾವಿ, ಗದಗದ ಕಡೆಯ ಹುಡುಗರು. ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಜೋಡಿಸಿ ಗೊತ್ತಿದ್ದವರು. ಇದರ ಮುಂದೆ ನಿಂತ ಕೂಡಲೇ ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಸರ್, ಸಿಲಿಂಡರ್ ಹಿಂಗ್ಯಾಕ ಸುತ್ತ ಕೂತಾವು?"

ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆಡಳಿತ ಮಂಡಳಿಯಲ್ಲಿ ಡಾಕ್ಟರು, ವಕೀಲರು, ವ್ಯಾಪಾರಸ್ಥರು ಇದ್ದೀರಿ. ನಿಮ್ಮ ಹತ್ತಿರ ಇರುವುದು ಏನು ಎಂಬುದು ಮೊದಲು ಗೊತ್ತಾಗಲಿ.

ಅದು ಅಮೆರಿಕದ ಪ್ರ್ಯಾಟ್ ಆ್ಯಂಡ್ ವಿಟ್ನಿ ಕಂಪನಿಯ ಆರ್-1830, ಅಂದರೆ ಟ್ವಿನ್ ವಾಸ್ಪ್. ರೇಡಿಯಲ್ ಎಂಜಿನ್. ನಡುವೆ ಕ್ರ್ಯಾಂಕ್ ಶಾಫ್ಟ್, ಅಂದರೆ ತಿರುಗುವ ಮುಖ್ಯ ದಂಡ, ಸುತ್ತ ಸಿಲಿಂಡರುಗಳು. ಮುಂದಿನ ಸಾಲಿನಲ್ಲಿ ಏಳು, ಹಿಂದಿನ ಸಾಲಿನಲ್ಲಿ ಏಳು, ಒಟ್ಟು 14. ಅಡ್ಡಗಲ ನಾಲ್ಕು ಅಡಿ. ತೂಕ ಐದೂವರೆ ಕ್ವಿಂಟಲ್ ಮೀರುತ್ತದೆ. ಸಾಮರ್ಥ್ಯ ಸುಮಾರು 1,200 ಅಶ್ವಶಕ್ತಿ. ಹದಿನಾಲ್ಕೂ ಸಿಲಿಂಡರ್ ಸೇರಿ 30 ಲೀಟರ್ ಗಾತ್ರ. ಇವತ್ತು ರಸ್ತೆಯಲ್ಲಿ ಓಡಾಡುವ ಸಣ್ಣ ಕಾರಿನ ಇಡೀ ಎಂಜಿನ್ 1.2 ಲೀಟರ್ ಇರುತ್ತದೆ. ಇದರ ಒಂದೇ ಸಿಲಿಂಡರ್ ಎರಡು ಲೀಟರಿಗಿಂತ ಜಾಸ್ತಿ.

ರೇಡಿಯೇಟರ್ ಇಲ್ಲ, ನೀರು ಇಲ್ಲ. ಎದುರಿಗೆ ಬರುವ ಗಾಳಿಯೇ ತಣ್ಣಗೆ ಮಾಡಬೇಕು. ಅದಕ್ಕೇ ಎಲ್ಲ ಸಿಲಿಂಡರುಗಳೂ ಗಾಳಿಗೆ ಮೈ ಒಡ್ಡಿಕೊಂಡು ಸುತ್ತ ಕೂತಿವೆ. ಹಿಂದಿನ ಸಾಲಿನವು ಮುಂದಿನವುಗಳ ಸಂದಿಯಲ್ಲಿ ಇಣುಕುತ್ತವೆ. ಸಿಲಿಂಡರಿನ ಮೈತುಂಬ ತೆಳ್ಳಗಿನ ಫಿನ್ನುಗಳು, ಅಂದರೆ ಶಾಖ ಬಿಡುವ ಲೋಹದ ಏಣುಗಳು. ಬೈಕಿನ ಎಂಜಿನ್ನಿಗೂ ಫಿನ್ ಇರುತ್ತದೆ, ಆದರೆ ಇಷ್ಟು ಒತ್ತೊತ್ತಾಗಿ, ಇಷ್ಟು ತೆಳ್ಳಗೆ ಇರುವುದಿಲ್ಲ.

ಒಂದು ಸಾಲಿಗೆ ಏಳೇ ಯಾಕೆ? ಆರು ಯಾಕಿಲ್ಲ, ಎಂಟು ಯಾಕಿಲ್ಲ? ಹುಡುಗರಿಗೆ ಬೋರ್ಡಿನ ಮೇಲೆ ಹೇಳಿದರೆ ಇದು ತಲೆಗೆ ಹೋಗುತ್ತಿರಲಿಲ್ಲ. ಎಂಜಿನ್ ಪಕ್ಕ ನಿಂತು ಬೆರಳಿನಿಂದ ತೋರಿಸಿದರೆ ಒಂದೇ ಸಲಕ್ಕೆ ಹೊಳೆಯುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿಗೂ ಒಂದು ಸಲ ಕಿಡಿ ಬೀಳಬೇಕು. ಹಾಗಾಗಿ ಒಂದು ಬಿಟ್ಟು ಒಂದಕ್ಕೆ ಕಿಡಿ ಕೊಡುತ್ತಾ ಹೋಗುತ್ತಾರೆ. ಒಂದೇ ಸಾಲನ್ನು ಎಣಿಸಿ ನೋಡಿ. 1, 3, 5, 7. ಅಲ್ಲಿಂದ ಒಂದು ಬಿಟ್ಟರೆ 2. ಆಮೇಲೆ 4, 6. ಮತ್ತೆ 1. ಎರಡು ಸುತ್ತಿಗೆ ಏಳೂ ಮುಗಿದವು, ಯಾವುದೂ ತಪ್ಪಲಿಲ್ಲ. ಆರು ಇದ್ದಿದ್ದರೆ 1, 3, 5 ಆಗಿ ಮತ್ತೆ 1ಕ್ಕೇ ಬರುತ್ತಿತ್ತು. 2, 4, 6ರ ಸರದಿ ಬರುತ್ತಲೇ ಇರಲಿಲ್ಲ. ಅದಕ್ಕೇ ಇಂಥ ಎಂಜಿನ್ನಿನಲ್ಲಿ ಒಂದು ಸಾಲಿಗೆ ಐದು, ಏಳು ಅಥವಾ ಒಂಬತ್ತು. ಇದು ಗೊತ್ತಾದ ಮೇಲೆ ಹುಡುಗರು ತಾವೇ ಎಂಜಿನ್ ಸುತ್ತ ಎಣಿಸುತ್ತಾ ತಿರುಗುತ್ತಿದ್ದರು. ಆ ಖುಷಿ ನೋಡಿದ್ದೇನೆ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಏಳು ಪಿಸ್ಟನ್‌ಗಳನ್ನು ಕ್ರ್ಯಾಂಕಿನ ಒಂದೇ ಪಿನ್ನಿಗೆ ಕಟ್ಟುವುದು ಹೇಗೆ ಎಂಬುದು ಇನ್ನೊಂದು ಪಾಠ. ಒಂದು ಮಾಸ್ಟರ್ ರಾಡ್ ಇರುತ್ತದೆ. ಉಳಿದ ಆರು ರಾಡುಗಳು ಅದರ ದಪ್ಪ ತುದಿಗೆ ಸುತ್ತಲೂ ಜೋಡಿಸಿಕೊಂಡಿರುತ್ತವೆ. ಮುಂದೆ ಗೇರ್ ಪೆಟ್ಟಿಗೆ. ಕ್ರ್ಯಾಂಕ್ 16 ಸುತ್ತು ತಿರುಗಿದರೆ ಪ್ರೊಪೆಲರ್ 9 ಸುತ್ತು ತಿರುಗುತ್ತದೆ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಅವಕ್ಕೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೋ ಇಡೀ ಎಂಜಿನ್ನಿಗೆ ಬೇರೆ ಬೇರೆ ಎರಡು. ಆಕಾಶದಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಕಾಯಬೇಕು, ಅಲ್ವಾ? ಇದೆಲ್ಲ ಒಂದು ಮೊಳ ದೂರದಲ್ಲಿ ನಿಂತು ನೋಡುವ ಸಂಗತಿ. ಗೇಟಿನ ಆಚೆ ಬೈಕ್ ಮೇಲೆ ಹೋಗುವವನಿಗೆ ಬೆಳ್ಳಗೆ ಹೊಳೆಯುವ ಒಂದು ಗುಂಡನೆಯ ವಸ್ತು ಕಾಣುತ್ತದೆ, ಅಷ್ಟೇ.

ಈಗ ಇದರ ಕಥೆ. ಟ್ವಿನ್ ವಾಸ್ಪ್ ಶುರುವಾಗಿದ್ದು 1930ರ ದಶಕದ ಮೊದಲಲ್ಲಿ. ಒಟ್ಟು 1,73,618 ಎಂಜಿನ್ ತಯಾರಾದವು. ವಿಮಾನದ ಪಿಸ್ಟನ್ ಎಂಜಿನ್ನುಗಳಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದದ್ದು ಬೇರೊಂದಿಲ್ಲ. ಯುದ್ಧ ಬಂದಾಗ ಒಂದು ಕಂಪನಿಯಿಂದ ಪೂರೈಸಲು ಆಗಲಿಲ್ಲ. ಕಾರು ಮಾಡುವ ಬ್ಯೂಕ್, ಷೆವರ್ಲೆ ಕಂಪನಿಗಳೂ ಇದೇ ಎಂಜಿನ್ ಮಾಡಿಕೊಟ್ಟವು. ಬ್ಯೂಕ್‌ನವರು ಷಿಕಾಗೋ ಪಕ್ಕದ ಮೆಲ್ರೋಸ್ ಪಾರ್ಕಿನಲ್ಲಿ ಇದಕ್ಕೆಂದೇ ಕಾರ್ಖಾನೆ ನಡೆಸಿದರು. ಅಲ್ಲಿನ ಎಂಜಿನ್ನುಗಳು ಹೆಚ್ಚಾಗಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನಕ್ಕೆ ಹೋದವು. ನಿಮ್ಮ ಎಂಜಿನ್ನಿಗೆ ಹೊಡೆದಿರುವ ತಯಾರಕರ ತಟ್ಟೆಯ ಮೇಲೆ ಇರುವ ಹೆಸರೂ ಬ್ಯೂಕ್‌ನದೇ.

ಈ ಎಂಜಿನ್ ನಮ್ಮ ನೆಲಕ್ಕೆ ಹೊಸದಲ್ಲ. ಡಕೋಟಾ ಎಂಬ ಎರಡು ಎಂಜಿನ್ನಿನ ಸಾಗಣೆ ವಿಮಾನಕ್ಕೂ ಇದೇ. ಬರ್ಮಾ ಯುದ್ಧದಲ್ಲಿ ಕಾಡಿನ ನಡುವೆ ಸಿಕ್ಕಿಕೊಂಡ ಸೈನಿಕರಿಗೆ ಊಟ, ಮದ್ದುಗುಂಡು ಹೊತ್ತೊಯ್ದಿದ್ದು ಡಕೋಟಾ. ನಮ್ಮ ಪಕ್ಕದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ ಕೂಡ 1942ರಲ್ಲಿ, ಅದೇ ಯುದ್ಧದ ಕಾಲಕ್ಕೆ ಕಟ್ಟಿದ್ದು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಡಕೋಟಾ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಹಿಮಾಲಯ ದಾಟಿ ಲೇಹ್‌ನ ಮರಳು ನೆಲದ ಮೇಲೆ ಡಕೋಟಾ ಇಳಿಸಿದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅದೇ ವಿಮಾನದಲ್ಲಿದ್ದರು. ಆವತ್ತು ಅವರನ್ನು ಪರ್ವತ ದಾಟಿಸಿದ್ದು ಎರಡು ಟ್ವಿನ್ ವಾಸ್ಪ್ ಎಂಜಿನ್.

ನನಗೆ ಎಲ್ಲಕ್ಕಿಂತ ಜಾಸ್ತಿ ಅಭಿಮಾನ ಲಿಬರೇಟರ್ ಕಥೆಯ ಬಗ್ಗೆ. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯಿತು. ವಿಮಾನಗಳು, ಎಂಜಿನ್ನುಗಳು ಅಲ್ಲಿಗೆ ರಿಪೇರಿಗೆ ಬರುತ್ತಿದ್ದವು. ಅಲ್ಲಿನ ನಮ್ಮ ಜನ ಈ ಎಂಜಿನ್ನನ್ನು ಬಿಚ್ಚಿ ಜೋಡಿಸಲು ಕಲಿತಿದ್ದು ಆಗ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಸಾಲು ಸಾಲು ಲಿಬರೇಟರ್‌ಗಳು ಬಯಲಲ್ಲಿ ಬಿದ್ದಿದ್ದವು. ಇನ್ಯಾರೂ ಹಾರಿಸಬಾರದು ಅಂತ ಬ್ರಿಟಿಷರು ಅವನ್ನು ಬೇಕಂತಲೇ ಕೆಡಿಸಿದ್ದರು. ಮೈಗೆ ತೂತು ಹೊಡೆದಿದ್ದರು. ಎಂಜಿನ್ನಿಗೆ ಮರಳು ಸುರಿದಿದ್ದರು.

ಆ ರಾಶಿಯಿಂದ 40ಕ್ಕೂ ಹೆಚ್ಚು ವಿಮಾನಗಳನ್ನು ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನವರು ಎಬ್ಬಿಸಿದರು. ಕಾನ್ಪುರದಲ್ಲಿ ಹಾರುವಷ್ಟು ಮಟ್ಟಿಗೆ ಸರಿ ಮಾಡುವುದು, ಬೆಂಗಳೂರಿಗೆ ತರುವುದು, ಇಲ್ಲಿ ಪೂರ್ತಿ ರಿಪೇರಿ. ಹಾಗೆ ಹಾರಿಸಿಕೊಂಡು ಬಂದವರು ಕ್ಯಾಪ್ಟನ್ ಜಮ್ಷೆಡ್ ಮುನ್ಶಿ. 1948ರ ನವೆಂಬರ್ ಹೊತ್ತಿಗೆ ಮೊದಲ ವಿಮಾನಗಳು ವಾಯುಪಡೆ ಸೇರಿದವು. 1968ರ ತನಕ ಹಾರಿದವು. ಬಯಲಲ್ಲಿ ಕೊಳೆಯಲಿ ಅಂತ ಬಿಟ್ಟುಹೋದ ವಿಮಾನ ಇಪ್ಪತ್ತು ವರ್ಷ ಹಾರಿತು! ಸೇವೆ ಮುಗಿದ ಮೇಲೆ ಕೆಲವು ಹೊರದೇಶಕ್ಕೆ ಹೋದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ, ಅಮೆರಿಕದ ಅರಿಜೋನಾದ ಪಿಮಾ ಮ್ಯೂಸಿಯಂನಲ್ಲಿ ಇರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವೇ. ಅವೆರಡನ್ನೂ ಅವರು ಸೂರಿನಡಿ ಇಟ್ಟಿದ್ದಾರೆ.

ಸೂರು ಯಾಕೆ ಬೇಕು ಎಂಬುದಕ್ಕೆ ಈಗ ಬರುತ್ತೇನೆ.

"ರೈಲ್ವೆ ಸ್ಟೇಷನ್ ಮುಂದ ಉಗಿಬಂಡಿ ಎಂಜಿನ್ ನಿಲ್ಸಿರ್ತಾರಲ್ರೀ, ಅದಕ್ಕೇನ್ ಆಗೇತಿ?" ಎಂದು ನಿಮ್ಮಲ್ಲೇ ಒಬ್ಬರು ಕೇಳಿದರು. ಹುಬ್ಬಳ್ಳಿಯವರಿಗೆ ಈ ಪ್ರಶ್ನೆ ಬರುವುದು ಸಹಜ. ರೈಲ್ವೆ ವರ್ಕ್‌ಶಾಪ್ ಇರುವ ಊರು ನಮ್ಮದು. ಗದಗ ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ ಕೂಡ ಇದೆ. ಆದರೆ ಉಗಿಬಂಡಿಯ ಎಂಜಿನ್ ದಪ್ಪ ಕಬ್ಬಿಣ, ದಪ್ಪ ಉಕ್ಕು. ಬಿಸಿಲು ಮಳೆಯಲ್ಲಿ ಓಡುವುದಕ್ಕೇ ಮಾಡಿದ್ದು. ಅದಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ನಿಧಾನ. ವಿಮಾನದ ಎಂಜಿನ್ನಿನಲ್ಲಿ ಒಂದೊಂದು ಕಿಲೋ ತೂಕವೂ ಲೆಕ್ಕ. ಹೊಟ್ಟೆಯ ಭಾಗ ಅಲ್ಯೂಮಿನಿಯಂ, ಸಿಲಿಂಡರಿನ ತಲೆ ಅಲ್ಯೂಮಿನಿಯಂ, ಕೆಳಗಿನ ಕೊಳವೆ ಉಕ್ಕು, ಕೆಲವು ಕವಚಗಳು ಮೆಗ್ನೀಸಿಯಂ. ವಿಮಾನದಲ್ಲಿ ಇದ್ದಾಗಲೂ ಇದರ ಮೇಲೆ ಮುಚ್ಚಿಗೆ ಇರುತ್ತಿತ್ತು. ಬೆತ್ತಲೆಯಾಗಿ ಮಳೆಯಲ್ಲಿ ನಿಲ್ಲಲಿ ಅಂತ ಇದನ್ನು ಯಾರೂ ಮಾಡಿಲ್ಲ.

ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಒದ್ದೆಯಾದರೆ ಏನಾಗುತ್ತದೆ ಎಂದು ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರನ್ನೇ ಕೇಳಿ. ಬ್ಯಾಟರಿಯಲ್ಲಿ ಆಗುವುದೇ ಅಲ್ಲೂ ಆಗುತ್ತದೆ. ಎರಡರಲ್ಲಿ ದುರ್ಬಲವಾದ ಲೋಹ ಕರಗುತ್ತದೆ. ಉಕ್ಕಿನ ಬೋಲ್ಟ್ ಚೆನ್ನಾಗಿಯೇ ಉಳಿಯುತ್ತದೆ, ಅದರ ಸುತ್ತಲಿನ ಮೆಗ್ನೀಸಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಮೇಲೆ ಬಣ್ಣ ಬಳಿದಿದ್ದರೆ ಇದು ಹೊರಗೆ ಕಾಣುವುದೂ ಇಲ್ಲ. ಬಣ್ಣ ಉಬ್ಬಿ ಎದ್ದಾಗ ನೋಡಿದರೆ ಒಳಗೆ ಲೋಹವೇ ಇರುವುದಿಲ್ಲ.

ನೀರು ಒಳಗೂ ಹೋಗುತ್ತದೆ. ರೇಡಿಯಲ್ ಎಂಜಿನ್ನಿನಲ್ಲಿ ಕೆಳಗಿನ ಸಿಲಿಂಡರುಗಳು ತಲೆಕೆಳಗಾಗಿ ಇರುತ್ತವೆ. ಮೇಲಿಂದ ಇಳಿದದ್ದೆಲ್ಲ ಅಲ್ಲಿ ಸೇರುತ್ತದೆ. ಹಾರುವ ಕಾಲದಲ್ಲೂ ರಾತ್ರಿಯೆಲ್ಲ ನಿಂತ ಎಂಜಿನ್ನಿನ ಆಯಿಲ್ ಕೆಳಗಿನ ಸಿಲಿಂಡರಿಗೆ ಇಳಿಯುತ್ತಿತ್ತು. ಅದಕ್ಕೇ ಸ್ಟಾರ್ಟ್ ಮಾಡುವ ಮೊದಲು ಮೆಕ್ಯಾನಿಕ್‌ಗಳು ಪ್ರೊಪೆಲರನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದರು. ಹಾಗೆ ಮಾಡದೆ ಸ್ಟಾರ್ಟ್ ಮಾಡಿದರೆ ರಾಡ್ ಬಾಗಿಹೋಗುತ್ತಿತ್ತು. ಈಗ ಹೊರಗೆ ನಿಲ್ಲಿಸಿದರೆ ಆಯಿಲ್ ಬದಲು ಮಳೆನೀರು ಇಳಿಯುತ್ತದೆ. ಧಾರವಾಡ, ಹುಬ್ಬಳ್ಳಿಯ ಮಳೆ ನಿಮಗೇ ಗೊತ್ತು. ಒಂದು ತಾಸು ಹೊಡೆದು ಹೋಗುವ ಮಳೆಯಲ್ಲ. ಜುಲೈ ತಿಂಗಳಲ್ಲಿ ದಿನಗಟ್ಟಲೆ ಜಿಟಿಜಿಟಿ. ಬಟ್ಟೆ ಒಣಗುವುದಿಲ್ಲ, ಕಬ್ಬಿಣ ಒಣಗುತ್ತದೆಯೇ? ಮಳೆ ನಿಂತ ಮೇಲೆ ನಮ್ಮ ಧೂಳು. ಫಿನ್ನುಗಳ ಸಂದಿಯಲ್ಲಿ ಧೂಳು ತುಂಬಿ, ಅದರ ಮೇಲೆ ಪಾರಿವಾಳ ಕೂತು, ಅದು ಸದಾ ತೇವ ಹಿಡಿದುಕೊಂಡೇ ಇರುತ್ತದೆ. ಪಕ್ಕದಲ್ಲಿ ಕಾರಂಜಿ ಬೇರೆ ಅಂತೀರಿ. ಮಳೆಗಾಲ ಮುಗಿದ ಮೇಲೂ ವರ್ಷವಿಡೀ ನೀರು ಸಿಡಿಸುವ ವ್ಯವಸ್ಥೆ ಅದು.

ಬಣ್ಣದ ಬಗ್ಗೆ ಇನ್ನೊಂದು ಮಾತು. ಬಣ್ಣ ಹಚ್ಚುವ ಮೊದಲು ಸ್ಯಾಂಡ್‌ಬ್ಲಾಸ್ಟ್, ಅಂದರೆ ಜೋರಾಗಿ ಮರಳು ಹೊಡೆದು ಮೈ ಉಜ್ಜುವುದು, ಮಾಡಿಸುತ್ತೀರಂತೆ. ಇದಂತೂ ಖಂಡಿತ ಬೇಡ. ಆ ಎಂಜಿನ್ನಿನ ಮೈಮೇಲೆ ಓದುವುದಕ್ಕೆ ಬಹಳ ಇದೆ. ತಯಾರಕರ ತಟ್ಟೆ ಇದೆ, ಅದರ ಮೇಲೆ ನಂಬರ್ ಇದೆ. ಬಿಡಿಭಾಗಗಳ ಮೇಲೆ ಪರೀಕ್ಷಕರು ಒತ್ತಿದ ಸಣ್ಣ ಸಣ್ಣ ಮುದ್ರೆಗಳಿವೆ. ಕಾನ್ಪುರ, ಬೆಂಗಳೂರಿನ ದಾರಿಯಲ್ಲಿ ಬಂದ ಎಂಜಿನ್ ಇದಾಗಿದ್ದರೆ ಅದನ್ನು ಪತ್ತೆ ಮಾಡಲು ಇರುವ ದಾರಿ ಆ ನಂಬರ್ ಮತ್ತು ಆ ಮುದ್ರೆಗಳು. ಮರಳು ಹೊಡೆದರೆ ಅವು ಅಳಿಸಿಹೋಗುತ್ತವೆ.

ನಟ್ಟುಗಳಿಗೆ ಕಟ್ಟಿದ ಲಾಕ್ ವೈರ್ ಗಮನಿಸಿದ್ದೀರಾ? ಕಂಪನಕ್ಕೆ ನಟ್ ಸಡಿಲ ಆಗಬಾರದು ಅಂತ ಒಂದು ನಟ್ಟಿನಿಂದ ಇನ್ನೊಂದಕ್ಕೆ ತಂತಿ ಹೊಸೆದು ಕಟ್ಟಿರುತ್ತಾರೆ. ನಟ್ ಸಡಿಲಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೆ ಎಳೆಯಬೇಕು. ಕಟ್ಟುವ ದಿಕ್ಕು ತಪ್ಪಿದರೆ ಕಟ್ಟಿದ್ದೇ ವ್ಯರ್ಥ. ನಿಮ್ಮ ಎಂಜಿನ್ನಿನಲ್ಲಿ ಆ ತಂತಿಗಳು ಇನ್ನೂ ಹಾಗೇ ಇವೆ. ಒಂದೊಂದು ಹೊಸೆತವೂ ಸಮವಾಗಿ, ಒಪ್ಪವಾಗಿ ಇದೆ. ನಾನು ಹುಡುಗರಿಗೆ ಅಚ್ಚುಕಟ್ಟು ಕೆಲಸ ಅಂದರೆ ಏನು ಅಂತ ತೋರಿಸುತ್ತಿದ್ದದ್ದು ಆ ತಂತಿಗಳನ್ನು. ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ಇವತ್ತು ಕೆಲಸ ಮಾಡುತ್ತಿರುವ ಕೆಲವರು ಈಗಲೂ ಸಿಕ್ಕರೆ ಆ ತಂತಿಯ ಮಾತು ತೆಗೆಯುತ್ತಾರೆ. ಸ್ಯಾಂಡ್‌ಬ್ಲಾಸ್ಟ್ ಮಾಡುವವರು ಮೊದಲು ಕಿತ್ತು ಎಸೆಯುವುದೇ ಅವನ್ನು.

ಹಾಗಾದರೆ ಏನು ಮಾಡಬೇಕು? ಖರ್ಚು ಕಟ್ಟೆಯಷ್ಟು ಆಗುವುದಿಲ್ಲ. ಎಂಜಿನ್ ಈಗಿರುವ ಕೋಣೆಯಲ್ಲೇ ಇರಲಿ. ಮೊದಲು ಅದರ ತಟ್ಟೆ, ನಂಬರ್, ಮುದ್ರೆಗಳ ಫೋಟೋ ತೆಗೆದು ರಿಜಿಸ್ಟರಿನಲ್ಲಿ ಬರೆದಿಡಿ. ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕು, ನೀರು ಹೊಡೆಯಬಾರದು. ಬರಿ ಲೋಹ ಕಾಣುವ ಕಡೆ ತೆಳ್ಳಗೆ ಮೇಣ ಹಚ್ಚಿದರೆ ಸಾಕು. ಸ್ಪಾರ್ಕ್ ಪ್ಲಗ್ ಜಾಗದಲ್ಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ತುಂಬಿದ ಪ್ಲಗ್ ಹಾಕಬೇಕು. ಹರಳು ನೀಲಿ ಇರುವ ತನಕ ಒಳಗೆ ತೇವ ಇಲ್ಲ ಎಂದು ಅರ್ಥ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಾಯಿಸಬೇಕು. ಎಕ್ಸಾಸ್ಟ್ ಬಾಯಿಗಳಿಗೆ ಮುಚ್ಚಳ ಬೇಕು, ಇಲ್ಲದಿದ್ದರೆ ಇಲಿ, ಕಣಜ ಗೂಡು ಕಟ್ಟುತ್ತವೆ. ಕೆಳಗೆ ಒಂದು ತಗಡಿನ ಟ್ರೇ ಇಟ್ಟರೆ ಹಳೆಯ ಆಯಿಲ್ ನೆಲಕ್ಕೆ ತೊಟ್ಟಿಕ್ಕುವುದಿಲ್ಲ.

ಕನ್ನಡದಲ್ಲಿ ಒಂದು ಬೋರ್ಡ್ ಬೇಕೇ ಬೇಕು. ಈಗ ಇರುವುದರಲ್ಲಿ ಎಂಜಿನ್ ಹೆಸರು ಮಾತ್ರ ಇದೆ, ಅದೂ ಇಂಗ್ಲಿಷಿನಲ್ಲಿ. ಏಳು ಸಿಲಿಂಡರಿನ ಲೆಕ್ಕ, ಡಕೋಟಾ, ಕಾನ್ಪುರದ ಕಥೆ, ಇವನ್ನು ಹತ್ತನೇ ಕ್ಲಾಸಿನ ಹುಡುಗಿ ಓದಿ ತಿಳಿಯುವ ಹಾಗೆ ಬರೆಯಬೇಕು. ಧಾರವಾಡದ ವಿಶ್ವವಿದ್ಯಾಲಯದ ಆವರಣದಲ್ಲಿ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಅದೇ ಬಸ್ಸು ವಾಪಸ್ ಹೋಗುವಾಗ ನಿಮ್ಮ ಕಾಲೇಜಿಗೂ ಬರಬಹುದಲ್ಲ? ನೀವು ಒಂದು ಪತ್ರ ಬರೆದರೆ ಶಾಲೆಗಳು ಖಂಡಿತ ಬರುತ್ತವೆ.

ಗೇಟಿನ ಮುಂದೆ ಏನಾದರೂ ಬೇಕೇ ಬೇಕು ಎನ್ನುವುದಾದರೆ ಎಂಜಿನ್ನಿನ ದೊಡ್ಡ ಫೋಟೋ ಇರುವ ಬೋರ್ಡ್ ಹಾಕಿ, "ಪ್ರತಿ ಶನಿವಾರ ಮಧ್ಯಾಹ್ನ ತೆರೆದಿರುತ್ತದೆ, ಬನ್ನಿ" ಎಂದು ಬರೆಸಿ. ಜನ ಬರುತ್ತಾರೆ.

ಊರಿನವರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಆ ಕಾಲೇಜಿನಲ್ಲಿ ಓದಿದವರು ಬಹಳ ಜನ ಇದ್ದೀರಿ. ಆಡಳಿತ ಮಂಡಳಿಗೆ ನಾಲ್ಕು ಸಾಲು ಬರೆಯಿರಿ. ಮರ್ಯಾದೆಯಿಂದ ಬರೆಯಿರಿ. ಅವರು ಎಂಜಿನ್ ಮೇಲೆ ಪ್ರೀತಿ ಇಲ್ಲದೆ ಹೀಗೆ ಮಾಡಲು ಹೊರಟಿಲ್ಲ.

ಮಾನ್ಯರೇ, ಸ್ವಚ್ಛ ಮಾಡುವ ಕೆಲಸಕ್ಕೆ ನಾನು ಬರುತ್ತೇನೆ. ನನ್ನ ಜೊತೆ ನಿವೃತ್ತರಾದ ಫಿಟ್ಟರ್‌ಗಳೂ ಬರಲು ಒಪ್ಪಿದ್ದಾರೆ. ಸಂಬಳ ಬೇಡ. ಭಾನುವಾರ ಕೋಣೆಯ ಬೀಗದ ಕೈ ಮತ್ತು ನಿಮ್ಮ ಲ್ಯಾಬಿನ ಒಬ್ಬ ಸಿಬ್ಬಂದಿ ಜೊತೆಗಿದ್ದರೆ ಸಾಕು. ಶನಿವಾರ ಬರುವ ಮಕ್ಕಳಿಗೆ ವಿವರಿಸಲು ಹಳೆಯ ವಿದ್ಯಾರ್ಥಿಗಳು ಸರದಿಯ ಮೇಲೆ ನಿಲ್ಲುತ್ತಾರೆ. ಅವರ ಜೊತೆ ಮಾತಾಡಿದ್ದೇನೆ. ಕ್ರೇನಿಗೆ ಮುಂಗಡ ಕೊಟ್ಟಿದ್ದರೆ ಈ ವಾರವೇ ಬೇಡವೆಂದು ಹೇಳಿಬಿಡಿ. ಕಟ್ಟೆಯ ಕೆಲಸ ಆಗಲೇ ಶುರುವಾಗಿದ್ದರೆ ಅದರ ಮೇಲೆ ಒಂದು ಗಿಡ ನೆಡಬಹುದು.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಐಟಿಐ ಬೋಧಕ
ಹುಬ್ಬಳ್ಳಿ